ಬೇಲಿಯಾಚೆಯ ಬೀಗರು

ನಮ್ಮ ಕಡೆ ಹಂದಿ ಬಾಡು ತಿನ್ನುವ ಗಂಡಸರಿಗೆ ಬರವಿಲ್ಲ. ತಿನ್ನುತ್ತೇನೆ ಎಂದು ಬಾಯಿಬಿಟ್ಟು ಹೇಳುವವರಿಗೆ ಮಾತ್ರ ಬರ. ಅದನ್ನು ಮನೆಯೊಳಗೆ ಬೇಯಿಸುವುದಿಲ್ಲ. ತೋಟದಲ್ಲಿ ಮೂರು ಕಲ್ಲು ಹೂಡಿ, ಅದಕ್ಕೆಂದೇ ಇಟ್ಟ ಮಸಿ ಹಿಡಿದ ಪಾತ್ರೆಯಲ್ಲಿ ತಾವೇ ಬೇಯಿಸಿ, ತಿಂದು, ಪಾತ್ರೆಯನ್ನು ಮರದ ಕೊಂಬೆಗೆ ನೇತುಹಾಕಿ, ಬೋರ್‌ವೆಲ್ ನೀರಿನಲ್ಲಿ ಮೈ ತೊಳೆದುಕೊಂಡು ಮನೆಗೆ ಹೋಗುತ್ತಾರೆ. ಹೋಗಿ, ಯಾಕೋ ಹೊಟ್ಟೆ ಸರಿಯಿಲ್ಲ, ಊಟ ಬೇಡ ಎನ್ನುತ್ತಾರೆ. ಹೆಂಡತಿಯರಿಗೂ ಎಲ್ಲ ಗೊತ್ತು. ಇದರಿಂದ ಯಾರ ಮಾನವೂ ಹೋಗುವುದಿಲ್ಲ. ಹೋಗುವುದು ಆ ಹಂದಿಯನ್ನು ಸಾಕಿದವನ ಮಾನ, ಅಂದರೆ ನನ್ನದು.

ಮರಳವಾಡಿಯ ಹತ್ತಿರ ನಮ್ಮಪ್ಪ ಬಿಟ್ಟುಹೋದ ಒಂದು ತುಂಡು ಜಮೀನಿದೆ. ನಾನು ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸಕ್ಕಿದ್ದವನು. ಗುತ್ತಿಗೆಯವರನ್ನೆಲ್ಲ ಬೇಡವೆಂದಾಗ ಮನೆಗೆ ಬಂದು ಶೆಡ್ ಹಾಕಿ ಬಿಳಿ ಹಂದಿಯ ಮರಿಗಳನ್ನು ಬಿಟ್ಟೆ. ಕ್ಯಾಂಟೀನು, ಹೋಟೆಲುಗಳ ಮುಸುರೆಯನ್ನು ಡ್ರಮ್ಮಿನಲ್ಲಿ ತುಂಬಿಕೊಂಡು ಗೂಡ್ಸ್ ಆಟೊದಲ್ಲಿ ತರುತ್ತೇನೆ. ಬಿಡದಿಯ ತಟ್ಟೆ ಇಡ್ಲಿಯವರ ಮುಸುರೆ ಸಿಕ್ಕ ದಿನ ನಮ್ಮ ಹಂದಿಗಳ ಗತ್ತೇ ಬೇರೆ. ನಾನೂ ನನ್ನ ಹೆಂಡತಿಯೂ ಬೆಳಿಗ್ಗೆ ಸಂಜೆ ಶೆಡ್ ತೊಳೆಯುತ್ತೇವೆ. ಹಂದಿ ಗಲೀಜು ಪ್ರಾಣಿ ಎನ್ನುವವರು ಒಮ್ಮೆ ಬಂದು ನೋಡಲಿ. ಜಾಗ ಕೊಟ್ಟರೆ ಅದು ತಾನು ಮಲಗುವ ಮೂಲೆಯಲ್ಲಿ ಹೊಲಸು ಮಾಡುವುದಿಲ್ಲ. ನಮ್ಮೂರ ಬಸ್‌ಸ್ಟ್ಯಾಂಡಿನ ಗೋಡೆ ನೋಡಿದರೆ ಮನುಷ್ಯರ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ.

ಭಾನುವಾರ ಒಂದನ್ನು ಕಡಿದು ಮಾರುತ್ತೇನೆ. ಹತ್ತಿರದವರು ದೂರದ ಹಂದಿಯವನ ಹತ್ತಿರ ಹೋಗುತ್ತಾರೆ, ದೂರದವರು ನನ್ನ ಹತ್ತಿರ ಬರುತ್ತಾರೆ. ಗುರುತು ಸಿಗಬಾರದಲ್ಲ. ಅವರಲ್ಲಿ ಬಿಡದಿ ಕಡೆಯ ಒಬ್ಬ ಯಜಮಾನರಿದ್ದರು. ತಲೆ, ಮುಖ ಸೇರಿಸಿ ಟವಲ್ ಸುತ್ತಿಕೊಂಡು ಬೈಕಿನಲ್ಲಿ ಬರುತ್ತಿದ್ದರು. ಬೇಲಿಯಾಚೆಯೇ ನಿಂತು, ಕೆಂಪು ಕಲ್ಲಿನ ಉಂಗುರದ ಕೈ ಚಾಚಿ, "ಒಸಿ ಕೊಬ್ಬಿರಾದು ಹಾಕಪ್ಪ," ಎನ್ನುತ್ತಿದ್ದರು. ಅವರಿಗೆ ನಾವು ಗಂಡ ಹೆಂಡತಿ ಟವಲ್ ಯಜಮಾನರು ಎಂದು ಹೆಸರಿಟ್ಟು ನಗುತ್ತಿದ್ದೆವು.

ನನ್ನ ಅಕ್ಕನನ್ನು ಕೊಟ್ಟಿರುವುದು ಕನಕಪುರದ ಪಕ್ಕದ ಹಳ್ಳಿಗೆ. ಅವರದು ರೇಷ್ಮೆ ಬೆಳೆಯುವ ಮನೆ. ಹಿಂದೆ ನಾನು ಅವರ ಹುಳುಮನೆಗೆ ಸೀದಾ ನುಗ್ಗಿ ಸೊಪ್ಪು ಹಾಕುತ್ತಿದ್ದೆ. ಹಂದಿ ಸಾಕಿದ ಮೇಲೆ ಭಾವ ನನಗೆ ಅಂಗಳದಲ್ಲೇ ಕುರ್ಚಿ ಹಾಕತೊಡಗಿದರು. "ಹುಳ ಜ್ವರಕ್ಕೆ ಕೂತವೆ ಕಣಪ್ಪ, ವಾಸ್ನೆ ತಡೆಯಾಕಿಲ್ಲ," ಎನ್ನುತ್ತಿದ್ದರು. ಹುಳ ಪೊರೆ ಕಳಚುವ ಮುಂಚೆ ಮೇವು ಬಿಟ್ಟು ಸುಮ್ಮನೆ ಇರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅಲ್ಲಿಂದಾಚೆ ನಾನು ಯಾವಾಗ ಹೋದರೂ ಅವರ ಹುಳಕ್ಕೆ ಜ್ವರ.

ಆ ಮನೆಯಲ್ಲಿ ನನ್ನನ್ನು ಒಳಗಿನವನೆಂದು ಎಣಿಸಿದವಳು ಅಕ್ಕನ ಒಬ್ಬಳೇ ಮಗಳು. ಅವಳು ದೊಡ್ಡವಳಾದಾಗ ಸೋದರಮಾವನಾಗಿ ಸೊಪ್ಪಿನ ಗುಡಿಸಲು ಹಾಕಿಕೊಟ್ಟವನು ನಾನು. ಆಗಿನ್ನೂ ಫ್ಯಾಕ್ಟರಿಯಲ್ಲಿದ್ದೆ, ಮೈಯಿಂದ ಗ್ರೀಸಿನ ವಾಸನೆ ಹೊಡೆಯುತ್ತಿತ್ತು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಆಮೇಲೆ ಕಾಲೇಜಿಗೆ ರಜೆ ಬಂದಾಗಲೆಲ್ಲ ಅವಳು ಮರಳವಾಡಿ ಬಸ್ ಹತ್ತಿ ನಮ್ಮಲ್ಲಿಗೆ ಬರುತ್ತಿದ್ದಳು. ಒಂದು ಸಲ ತಾಯಿ ಹಾಲು ಸಿಗದೆ ಸಾಯುವಂತಿದ್ದ ಸಣ್ಣ ಮರಿಯೊಂದನ್ನು, ಹುಳ ಸಾಕುವ ಹಳೆಯ ಬಿದಿರು ತಟ್ಟೆಯಲ್ಲಿ ಗೋಣಿ ಹಾಸಿ ಮಲಗಿಸಿ, ಬೆರಳಿಗೆ ಹಾಲು ಅದ್ದಿ ಚೀಪಿಸಿ ಬದುಕಿಸಿದಳು. ಅದು ಬೆಳೆದು ಈಗ ಶೆಡ್ಡಿನಲ್ಲೇ ದೊಡ್ಡ ತಾಯಿ ಹಂದಿ. ನಮಗೆ ಮಕ್ಕಳಿಲ್ಲ. ಅವಳು ಬಂದ ದಿನ ನನ್ನ ಹೆಂಡತಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅವಳ ಮದುವೆ ಗೊತ್ತಾಯಿತು. ನಿಶ್ಚಿತಾರ್ಥದ ದಿನ ಅದೇ ತಾಯಿ ಹಂದಿ ಮರಿ ಹಾಕುತ್ತಿದ್ದುದರಿಂದ ನನಗೆ ಹೋಗಲಾಗಲಿಲ್ಲ. ಹೋದರೆಷ್ಟು ಬಿಟ್ಟರೆಷ್ಟು ಎಂದುಕೊಂಡೆ. ನನಗೆ ಬೇಕಿದ್ದುದು ಒಂದೇ. ಮುಹೂರ್ತಕ್ಕೆ ಹೆಣ್ಣಿನ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅಂಗಳದ ಕುರ್ಚಿಯಲ್ಲಿ ಬೇಕಾದರೆ ಸಾಯುವವರೆಗೆ ಕೂರುತ್ತೇನೆ, ಅದೊಂದು ಮಾತ್ರ ನನ್ನದು ಎಂದು ನಂಬಿಕೊಂಡಿದ್ದೆ.

ಮದುವೆಗೆ ಕರೆಯಲು ಅಕ್ಕ ಬಂದಳು. ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮಾತು ತೆಗೆದಳು.

"ಗಂಡಿನ ಕಡೆಯೋರು ಬಾಳ ಮಡಿ ಜನ ಕಣೋ ತಮ್ಮ. ನೀನು ಇನ್ನೂವೆ ಫ್ಯಾಕ್ಟ್ರಿಲೇ ಇದ್ದೀಯ ಅಂತ ನಿಮ್ ಭಾವ ಹೇಳ್ಬುಟ್ಟವ್ರೆ. ನೀನೂ ಹಂಗೇ ಅಂದ್ಬುಡು. ಏನಾಯ್ತದೆ?"

"ಯಾರಾರ ಹಂದಿ ವಿಚಾರ ಕೇಳುದ್ರೆ?"

"ಮದ್ವೆ ಮನೇಲಿ ಹಂದಿ ವಿಚಾರ ಯಾರ್ ಕೇಳಾರು, ಬುಡು!" ಎಂದವಳು, ಹೊರಟು ಎದ್ದಾಗ ಸೇರಿಸಿದಳು: "ಅಂದಂಗೆ, ಬೀಗರೂಟಕ್ಕೆ ಒಂದು ಒಳ್ಳೇದು ನೋಡಿ ಕಳ್ಸಬೇಕಂತೆ. ಗಂಡಿನ ಕಡೆ ಒಸಿ ಜನ ತಿಂತಾರಂತೆ. ಅದು ತ್ವಾಟದಲ್ಲಿ, ಹಿಂದ್ಗಡೆ."

ಆಗಲಿ ಎಂದೆ. ಕಾಫಿ ಲೋಟ ತುಂಬಿದ್ದದ್ದು ತುಂಬಿದಂತೆಯೇ ಜಗಲಿ ಮೇಲಿತ್ತು. ಅದನ್ನು ಚೆಲ್ಲುತ್ತ ನನ್ನ ಹೆಂಡತಿ, "ಸುಳ್ ಹೇಳ್ಕಂಡು ಸೋದರಮಾವ ಆಗ್ಬೇಕಾ?" ಎಂದಳು. ಅವಳ ಮೇಲೆ ರೇಗಿದೆ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ರೇಗಿದೆ.

ಮದುವೆ ಕನಕಪುರದ ಛತ್ರದಲ್ಲಿ. ನನ್ನ ರೇಷ್ಮೆ ಅಂಚಿನ ಪಂಚೆಗೆ ಶೆಡ್ಡಿನ ವಾಸನೆ ಹತ್ತದಿರಲೆಂದು ನನ್ನ ಹೆಂಡತಿ ಅದನ್ನು ವಾರದ ಮುಂಚೆಯೇ ಪಕ್ಕದ ಮನೆಯಲ್ಲಿ ಇಟ್ಟಿದ್ದಳು. ಬೀಗರೂಟದ ಹಂದಿಯನ್ನು ಹಿಂದಿನ ದಿನವೇ ಉಡುಗೊರೆಯೆಂದು ಕಳಿಸಿಯಾಗಿತ್ತು. ಬೆಳಿಗ್ಗೆ ಸೀಗೆಪುಡಿ, ಸೋಪು ಎಲ್ಲ ಹಾಕಿ ಚರ್ಮ ಉರಿಯುವಷ್ಟು ಉಜ್ಜಿಕೊಂಡೆ. ಹೆಣ್ಣಿನ ಕೋಣೆಯ ಬಾಗಿಲಲ್ಲಿ ನಿಂತಾಗ ನನಗೇ ನನ್ನ ಗುರುತು ಸಿಗದಂತೆ ಇದ್ದೆ. ಅವಳು ಹೊರಗೆ ಬಂದು ನನ್ನ ಕೈ ಹಿಡಿದಳು.

"ಮಾವ, ಬಿಗಿಯಾಗಿ ಇಡ್ಕೊ," ಎಂದಳು.

ಹಿಡಿದುಕೊಂಡೆ. ವಾಲಗದವರು ಜೋರು ಮಾಡಿದರು. ಮಂಟಪದ ಪಕ್ಕದಲ್ಲಿ ನಿಂತಿದ್ದ ಗಂಡಿನ ತಂದೆ, ಸೊಸೆ ಬರುತ್ತಿದ್ದಾಳೆಂದು ನಗುತ್ತ ಈ ಕಡೆ ತಿರುಗಿದರು. ಬಿಳಿ ಷರ್ಟು, ಹಣೆಗೆ ಕುಂಕುಮ. ನಗು ನನ್ನ ಮುಖದ ಹತ್ತಿರ ಬಂದು ನಿಂತುಹೋಯಿತು. ಅವರ ಮುಖ ನಾನು ಕಂಡದ್ದಲ್ಲ. ಆದರೆ ಪಕ್ಕದವರಿಗೆ ಏನೋ ಹೇಳಲು ಎತ್ತಿದ ಆ ಕೈ, ಆ ಕೆಂಪು ಕಲ್ಲಿನ ಉಂಗುರ! ಪ್ರತಿ ಭಾನುವಾರ ಬೇಲಿ ಮೇಲಿಂದ ಚಾಚುತ್ತಿದ್ದ ಕೈ. ಅವರಿಗೆ ನನ್ನ ಗುರುತು ಹಿಡಿಯುವುದು ಇನ್ನೂ ಸಲೀಸು, ನಾನು ಯಾವತ್ತೂ ಟವಲ್ ಸುತ್ತಿಕೊಂಡವನಲ್ಲ.

ಅವರು ಭಾವನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಭಾವ ನನ್ನ ಹತ್ತಿರ ಬಂದರು. ಬೆವರು ಒರೆಸಿಕೊಳ್ಳುತ್ತಿದ್ದರು.

"ಕೈ ಬುಡಪ್ಪ. ಅವ್ರು ಗುರ್ತು ಹಿಡಿದ್ಬುಟ್ರು. ಹಂದಿ ಕುಯ್ಯೋನ ಕೈಲಿ ಸೊಸೆ ಬರಾದು ಬ್ಯಾಡ ಅಂತಾವ್ರೆ."

"ಅವ್ರಿಗೆ ಹೆಂಗೆ ಗುರ್ತು ಸಿಕ್ತು ಅಂತ ಕೇಳುದ್ರಾ ಭಾವ?"

ಭಾವ ಕೇಳಿರಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ. "ಮೂರ್ತ ಮೀರ್ತಾ ಐತೆ," ಎಂದರು. ಅಕ್ಕ ಆ ಕಡೆ ತಿರುಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಒಂದು ಮಾತು ಸಾಕಿತ್ತು. ಇಡೀ ಛತ್ರಕ್ಕೆ ಕೇಳುವಂತೆ, ಸ್ವಾಮಿ, ಈ ವಾರ ಕೊಬ್ಬಿರೋದು ಬೇಕೋ ಬೇಡವೋ ಎಂದಿದ್ದರೆ ಆ ಮಡಿಯೆಲ್ಲ ಅಲ್ಲೇ ಕಳಚಿ ಬೀಳುತ್ತಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಆದರೆ ಮದುವೆ ನಿಂತರೆ ಮನೆಗೆ ವಾಪಸು ಹೋಗಬೇಕಾದವಳು ನನ್ನ ಪಕ್ಕದಲ್ಲಿದ್ದಳು. ಅವಳು ಕೈ ಬಿಡಲಿಲ್ಲ. ನಾನೇ ಬಿಡಿಸಿಕೊಂಡೆ. ನಮ್ಮ ದೊಡ್ಡಪ್ಪನ ಮಗ ಮುಂದೆ ಬಂದು ಆ ಕೈ ಹಿಡಿದ. ಅವನು ಅವಳನ್ನು ಕಂಡದ್ದು ಅದು ಎರಡನೇ ಸಲವೋ ಮೂರನೇ ಸಲವೋ.

ಕೊನೆಯ ಸಾಲಿನಲ್ಲಿ ನಿಂತು ಅಕ್ಷತೆ ಎಸೆದೆ. ಅಲ್ಲಿಂದ ಮಂಟಪದವರೆಗೆ ಹೋಗುವುದಿಲ್ಲ, ಮುಂದಿನವರ ತಲೆ ಮೇಲೆ ಬಿತ್ತು. ಊಟ ಮಾಡದೆ ಇಬ್ಬರೂ ಬಸ್ ಹತ್ತಿದೆವು. ಮನೆಗೆ ಬಂದವಳೇ ನನ್ನ ಹೆಂಡತಿ ಹಳೇ ಸೀರೆ ಉಟ್ಟು ಶೆಡ್ ತೊಳೆಯಲು ಹೋದಳು. ಬೀಗರೂಟದಲ್ಲಿ ನಮ್ಮ ಹಂದಿಯ ಬಾಡು ಬೆಣ್ಣೆಯಂತಿತ್ತೆಂದು ತೋಟದ ಕಡೆ ಹೋಗಿ ಬಂದವರು ಹೊಗಳಿದರಂತೆ. ಅದನ್ನು ಅಕ್ಕನೇ ಫೋನು ಮಾಡಿ ಹೇಳಿದಳು. ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದಿರಬೇಕು, ಅದು ಇನ್ನೂ ಕೆಟ್ಟದಾಗಿತ್ತು.

ಸ್ವಲ್ಪ ದಿನ ಟವಲ್ ಯಜಮಾನರು ಬರಲಿಲ್ಲ. ಆಮೇಲೆ ಒಂದು ಭಾನುವಾರ, ಬೇರೆ ಗಿರಾಕಿಗಳು ಯಾರೂ ಇಲ್ಲದ ಹೊತ್ತು ನೋಡಿ ಬಂದರು. ಟವಲ್ಲನ್ನು ಗಲ್ಲದವರೆಗೆ ಇಳಿಸಿ ನಕ್ಕರು.

"ಏನ್ ಬೀಗ್ರೇ, ಚೆನ್ನಾಗಿದ್ದೀರಾ? ಅವತ್ತಿಂದು ಮನ್ಸಲ್ಲಿ ಮಡಿಕಬ್ಯಾಡಿ. ಜನ ಸೇರಿದ್ರಲ್ಲ."

ಕತ್ತಿ ಕೆಳಗಿಟ್ಟು ಕೈ ತೊಳೆದೆ. ಒಳಗೆ ಹೋಗಿ ನಡುಮನೆಯಲ್ಲಿ ಕುರ್ಚಿ ಹಾಕಿದೆ. ನನ್ನ ಹೆಂಡತಿ ತಂಬಿಗೆಯಲ್ಲಿ ನೀರು ತಂದಿಟ್ಟಳು. ಬೇಲಿಯ ಹತ್ತಿರ ಬಂದು ಹೇಳಿದೆ:

"ಬೀಗ್ರು ಅಂದ್ರಲ್ಲ, ಬನ್ನಿ. ಟವಲ್ ತೆಗೆದು ಒಳೀಕ್ ಬಂದು ಒಂದ್ ಲೋಟ ನೀರು ಕುಡೀರಿ. ಆಮ್ಯಾಕೆ ಬಾಡು ಕೊಡ್ತೀನಿ. ನೀರು ಕುಡೀದಿದ್ರೆ ಇಲ್ಲ."

ಅವರು ರಸ್ತೆಯ ಆ ಕಡೆ, ಈ ಕಡೆ ನೋಡಿದರು. ಟವಲ್ ಮೇಲಕ್ಕೆ ಹೋಯಿತು. ಬೈಕ್ ಸ್ಟಾರ್ಟ್ ಮಾಡಿ ಹೊರಟುಹೋದರು. ಅಕ್ಕನ ಮಗಳ ಮದುವೆಯಾದಂದಿನಿಂದ ಅವತ್ತೇ ನಾನು ಹೊಟ್ಟೆ ತುಂಬ ಉಂಡದ್ದು.

ಆ ವಾರದಲ್ಲೇ ಅವಳ ಫೋನು ಬಂತು, ಮದುವೆಯಾದ ಮೇಲೆ ಮೊದಲನೇ ಸಲ. ಹಿತ್ತಲಿನಿಂದ ಮಾತಾಡುತ್ತಿದ್ದಳು. ಪಾತ್ರೆಯ ಸದ್ದು ಕೇಳುತ್ತಿತ್ತು.

"ಮಾವ, ಅವ್ರನ್ನ ಯಾಕೆ ಬರಿಗೈಲಿ ಕಳಿಸ್ದೆ? ನಿನ್ ಸೋದರಮಾವಂಗೆ ಬೀಗರ್ ಮರ್ಯಾದೆ ಗೊತ್ತಿಲ್ಲ ಅಂದ್ರು. ಅವತ್ತಿಂದ ನಾನ್ ಏನ್ ಮಾಡುದ್ರೂ ತಪ್ಪು. ಸಾರಿಗೆ ಉಪ್ಪು ಜಾಸ್ತಿ, ಮುದ್ದೆ ಗಂಟು. ನೆನ್ನೆ ತಟ್ಟೆ ಎಸೆದ್ರು." ದನಿ ತಗ್ಗಿಸಿದಳು. "ಕೊಟ್ ಕಳ್ಸು ಮಾವ. ನನ್ಗೋಸ್ಕರ."

ಆಗಲಿ ಕಣವ್ವ ಎಂದೆ. ಫೋನಿಡುವ ಮುಂಚೆ ಇನ್ನೂ ಸಣ್ಣ ದನಿಯಲ್ಲಿ, "ಅದು ಹೆಂಗೈತೆ?" ಎಂದಳು. ಆ ಮನೆಯೊಳಗೆ ಹಂದಿ ಎನ್ನುವ ಮಾತು ಆಡುವಂತಿಲ್ಲ. ಚೆನ್ನಾಗಿದೆ, ಮತ್ತೆ ಗಬ್ಬವಾಗಿದೆ ಎಂದೆ.

ಮುಂದಿನ ಭಾನುವಾರ ನಾಲ್ಕಾರು ಗಿರಾಕಿಗಳು ನಿಂತಿರುವಾಗಲೇ ಅವರು ಬಂದರು. ಬೈಕಿನಿಂದ ಇಳಿಯಲಿಲ್ಲ, ಟವಲ್ಲೂ ಇಳಿಯಲಿಲ್ಲ. ನಾನು ಒಳಗೆ ಕರೆಯಲಿಲ್ಲ. ಕಟ್ಟಿಟ್ಟಿದ್ದ ಕವರನ್ನು ಬೇಲಿ ಮೇಲಿಂದ ಚಾಚಿದೆ. ಅವರು ಕೈಯಲ್ಲೇ ತೂಗಿ ನೋಡಿದರು.

"ಮುಂದಿನ್ ವಾರ ಒಸಿ ಕೊಬ್ಬಿರಾದು ಹಾಕು ಕಣ್ಲಾ," ಎಂದರು.

ಹೂಂ ಎಂದೆ.