ತಂಗಿಯ ತೋಳಿನ ಕಲೆ

ನನ್ನ ತಂಗಿಯ ಎಡತೋಳಿನಲ್ಲಿ ಎರಡು ಕಲೆಗಳಿದ್ದವು. ನೋಡಿದವರೆಲ್ಲ ಅವು ದಾಕಿನ ಕಲೆಗಳೆಂದೇ ತಿಳಿದಿದ್ದರು. ಸಿಡುಬು ಬಾರದಿರಲಿ ಎಂದು ಸರ್ಕಾರದವರು ತೋಳು ಗೀರಿ ಹಾಕುತ್ತಿದ್ದ ಮದ್ದಿಗೆ ಆಗ ದಾಕು ಎನ್ನುತ್ತಿದ್ದರು. ಆ ಕಲೆಗಳು ದಾಕಿನವಲ್ಲ. ನಾನು ಮಾಡಿದವು. ಇದನ್ನು ನಾನು ಒಬ್ಬಳಿಗೆ ಮಾತ್ರ ಹೇಳಿದ್ದೇನೆ, ಅವಳು ಈಗ ಇಲ್ಲ. ಮೊಮ್ಮಗಳು ನೋಟುಪುಸ್ತಕ ತಂದುಕೊಟ್ಟು, "ಹಳೆಯದು ಎಂತಾದರೂ ಬರಿ ಅಜ್ಜಿ" ಎಂದಳು. ಹಳೆಯದು ಎಂದರೆ ನನಗೆ ಮೊದಲು ನೆನಪಾಗುವುದು ಇದೇ. ನಾನು ಮೂರನೆಯ ಕ್ಲಾಸಿನವರೆಗೆ ಕಲಿತವಳು. ಅಕ್ಷರ ತಪ್ಪಿದರೆ ತಿದ್ದಿಕೊಳ್ಳಿ, ಸಂಗತಿ ತಪ್ಪಿಲ್ಲ.

ನಮ್ಮ ಮನೆ ಬಂದ್ಯೋಡಿನಿಂದ ಪಡುವಣಕ್ಕೆ, ಗದ್ದೆ ದಾಟಿ. ಮನೆಯಲ್ಲಿ ಅಮ್ಮ, ಅಮ್ಮನ ಅಣ್ಣನಾದ ನಮ್ಮ ಮಾವ, ನಾನು ಮತ್ತು ತಂಗಿ. ನಮ್ಮಲ್ಲಿ ಮನೆ ಹೆಂಗಸರ ಕಡೆಯಿಂದ ಮುಂದುವರಿಯುತ್ತದೆ, ಗಟ್ಟಿ ಮಾತಾಡುವ ಹಕ್ಕು ಮಾತ್ರ ಮಾವನಿಗೆ. ಆಗ ನನಗೆ ಹದಿಮೂರು, ತಂಗಿಗೆ ಐದು.

ಗೇರುಹಣ್ಣು ಬೀಳುವ ಕಾಲ. ಉಳ್ಳಾಲದಲ್ಲಿ ಅಮ್ಮನ ಕಡೆಯವರ ಒಂದು ಮದುವೆಗೆ ನಾಲ್ಕು ದಿನ ಉಳಿದಿತ್ತು. ಕುಂಬಳೆಗೆ ನಡೆದು ಅಲ್ಲಿಂದ ರೈಲಿನಲ್ಲಿ ಹೋಗುವುದು. ನಾನು ಅಷ್ಟರವರೆಗೆ ರೈಲನ್ನು ದೂರದಿಂದ ನೋಡಿದ್ದೆನೇ ಹೊರತು ಹತ್ತಿರಲಿಲ್ಲ. ರಾತ್ರಿ ಮಲಗಿದರೂ ಅದೇ ಯೋಚನೆ. ಅಷ್ಟರಲ್ಲಿ ದಾಕು ಹಾಕುವವರು ಕೊಡೆ ಹಿಡಿದು, ತಗಡಿನ ಪೆಟ್ಟಿಗೆ ನೇತುಹಾಕಿಕೊಂಡು ಅಂಗಳಕ್ಕೆ ಬಂದರು.

ಅಮ್ಮ ಕೈಮುಗಿದು, "ಒಂದು ಮದುವೆ ಉಂಟು ದಾಕಿನವರೇ, ಮುಗಿಯಲಿ. ಮುಂದಿನ ತಿಂಗಳು ಬನ್ನಿ" ಎಂದಳು.

"ಮುಂದಿನ ತಿಂಗಳೇ ಬಾ ಅಂತ ಸಿಡುಬಿಗೆ ಕಾಗದ ಬರೆದಿದ್ದೀರಾ ಅಮ್ಮ?" ಎಂದರು ಅವರು. "ಹುಡುಗಿಯನ್ನು ಹಿಡಿಯಿರಿ."

ನನಗೆ ಮೊದಲೇ ಶಾಲೆಯಲ್ಲಿ ಹಾಕಿ ಆಗಿತ್ತು. ತಂಗಿಯನ್ನು ಹಿಡಿದುಕೊಂಡವಳು ನಾನೇ. ಎರಡು ಕಡೆ ಗೀರಿ ಮದ್ದು ಹಚ್ಚಿ, "ಎಂಟನೇ ದಿನ ಬಂದು ನೋಡುತ್ತೇನೆ. ಗುಳ್ಳೆ ಏಳದಿದ್ದರೆ ಪುನಃ ಹಾಕುವುದೇ" ಎಂದು ಹೇಳಿ ಪುಸ್ತಕದಲ್ಲಿ ಬರೆದುಕೊಂಡು ಹೋದರು.

ದಾಕು ಎದ್ದ ಮಗುವಿದ್ದ ಮನೆಯಲ್ಲಿ ಮೀನು ಬೇಯಿಸಬಾರದು, ಒಗ್ಗರಣೆ ಹಾಕಬಾರದು. ಆ ಮಗು ಮದುವೆಮನೆಯ ಹೊಸ್ತಿಲು ದಾಟಬಾರದು. ದಾಕು ಎಂದರೂ ಅದು ಒಂದು ಚಿಕ್ಕ ಸಿಡುಬೇ, ಅದಕ್ಕೂ ದೊಡ್ಡದಕ್ಕೆ ಕೊಡುವ ಮರ್ಯಾದೆ ಕೊಡಬೇಕು ಎಂಬುದು ಹಿರಿಯರ ನಂಬಿಕೆ. ಅಮ್ಮ ನನ್ನ ಕಡೆ ತಿರುಗಿ, "ನೀನು ಇವಳನ್ನು ನೋಡಿಕೊಂಡು ಮನೆಯಲ್ಲಿರು. ನಾನೂ ಮಾವನೂ ಹೋಗಿ ಬರುತ್ತೇವೆ" ಎಂದಳು.

ನಾನು ತಂಗಿಯನ್ನು ಬಾವಿಕಟ್ಟೆಯ ಹಿಂದೆ ಕರೆದುಕೊಂಡು ಹೋಗಿ, ಒಲೆಯ ಬೂದಿ ಹಾಕಿ, ಗೀರಿದ ಜಾಗವನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದೆ. ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಎಷ್ಟೋ ಮನೆಗಳಲ್ಲಿ ಹೆಂಗಸರು, ದಾಕಿನವರು ಬೇಲಿಯ ತಡಮೆ ದಾಟುವ ಮೊದಲೇ ಮಕ್ಕಳ ತೋಳು ತೊಳೆಯುತ್ತಿದ್ದರು. ಆದರೆ ಅವರು ದೇವರಿಗೆ ಹೆದರಿ ತೊಳೆಯುತ್ತಿದ್ದರು. ನಾನು ರೈಲಿಗಾಗಿ ತೊಳೆದೆ.

ಮೂರನೆಯ ದಿನಕ್ಕೆ ಗೀರು ಒಣಗಿತ್ತು. "ಇವಳಿಗೆ ಹಿಡಿಯಲೇ ಇಲ್ಲ ಕಾಣ್ತದೆ. ಹೊರಡಿ ಇಬ್ಬರೂ" ಎಂದಳು ಅಮ್ಮ. ಹೋದೆವು. ರೈಲು, ಮದುವೆ, ಹೋಳಿಗೆ, ಎಲ್ಲ ಆಯಿತು.

ತಿರುಗಿ ಬಂದ ಮೇಲೆ ಹೆದರಿಕೆ ಹಿಡಿಯಿತು. ದಾಕಿನವರು ಬಂದು ತೋಳು ನೋಡಿದರೆ ತೊಳೆದದ್ದು ಗೊತ್ತಾಗುತ್ತದೆ, ಪಟೇಲರಿಗೆ ಹೇಳುತ್ತಾರೆ, ಪಟೇಲರು ಮಾವನನ್ನು ಕರೆಸುತ್ತಾರೆ, ಮಾವ ನನ್ನ ಬೆನ್ನು ಮುರಿಯುತ್ತಾನೆ. ಯೋಚಿಸುತ್ತ ಗೇರುಬೀಜ ಸುಡುತ್ತಿದ್ದೆ. ಸಿಪ್ಪೆಯಿಂದ ಎಣ್ಣೆ ಚಿಮ್ಮಿ ನನ್ನ ಮಣಿಕಟ್ಟಿಗೆ ಬಿತ್ತು. ಗೇರಿನ ಎಣ್ಣೆ ತಾಗಿದರೆ ಮೈ ಬೊಕ್ಕೆ ಏಳುತ್ತದೆ ಎಂದು ನಮ್ಮ ಊರಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಬೀಜವನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿದೆ. ಒಸರಿದ ಎಣ್ಣೆಯನ್ನು ತೆಂಗಿನ ಗರಿಯ ಕಡ್ಡಿಯ ತುದಿಯಲ್ಲಿ ಅದ್ದಿ, ಹಳೆಯ ಗೀರಿನ ಮೇಲೆಯೇ ಎರಡು ಬೊಟ್ಟು ಇಟ್ಟೆ. ತಂಗಿ ಕಿರುಚಿದಳು. ಬಾಯಿಗೆ ಬಟ್ಟೆ ತುರುಕಿದೆ. "ಯಾರಿಗಾದರೂ ಹೇಳಿದರೆ ನಾಲಿಗೆಗೂ ಇದನ್ನೇ ಇಡುತ್ತೇನೆ" ಎಂದೆ. ಅವಳು ಹೇಳಲಿಲ್ಲ. ಐದು ವರ್ಷದ ಮಗು ಅದು, ಹೇಳುವುದಾದರೂ ಎಂತ?

ಎಂಟನೇ ದಿನ ದಾಕಿನವರು ಬಂದರು. ತೋಳಿನಲ್ಲಿ ಎರಡು ದೊಡ್ಡ ಬೊಕ್ಕೆ. ಅವರು ತಲೆಯಾಡಿಸಿ, "ಭೇಷ್! ಈ ಊರಲ್ಲಿ ಇಷ್ಟು ಚಂದ ಎದ್ದ ದಾಕು ಇನ್ನೊಂದಿಲ್ಲ" ಎಂದು ಬರೆದುಕೊಂಡರು. ಅಮ್ಮ ಗೇರೆಣ್ಣೆಯ ಹುಣ್ಣಿಗೆ ಮರ್ಯಾದೆ ಕೊಟ್ಟು ಹತ್ತು ದಿನ ಮೀನು ಬಿಟ್ಟಳು. ನಾನು ಒಳಗೊಳಗೇ ನಗುತ್ತಿದ್ದೆ. ಹೌದು, ನಗುತ್ತಿದ್ದೆ.

ತಂಗಿ ದೊಡ್ಡವಳಾದಳು. ಗೀರಿದ್ದು, ತೊಳೆದದ್ದು ಅವಳಿಗೆ ಮರೆತುಹೋಯಿತು. ಉರಿದದ್ದು ಮಾತ್ರ ನೆನಪು. "ದಾಕು ಎಂದರೆ ಬೆಂಕಿ ಇಟ್ಟ ಹಾಗೆ ಮಾರಾಯ್ರೆ" ಎಂದು ನೆರೆಮನೆಯ ಮಕ್ಕಳನ್ನು ಹೆದರಿಸುತ್ತಿದ್ದಳು. ಕಾಣಲು ಲಕ್ಷಣದ ಹುಡುಗಿ. ಹದಿನೆಂಟು ತುಂಬುವಾಗ ಮಂಜೇಶ್ವರದ ಕಡೆಯವರು ಬಂದು ನೋಡಿ, ಒಪ್ಪಿ, ದಿನ ಇಡಲು ಮಾತಾಡಿ ಹೋಗಿದ್ದರು.

ನನಗೆ ಆಗಲೇ ಮದುವೆಯಾಗಿ ಕೈಯಲ್ಲಿ ಐದು ತಿಂಗಳ ಹೆಣ್ಣುಮಗು. ಗಂಡ ಬೊಂಬಾಯಿಯಲ್ಲಿ ಒಂದು ಹೋಟೆಲಿನಲ್ಲಿದ್ದರು. ಯುದ್ಧ ಮುಗಿದಿತ್ತು, ಅಕ್ಕಿ ಇನ್ನೂ ರೇಷನ್ನಿನಲ್ಲೇ ಸಿಗುತ್ತಿತ್ತು. ಒಂದು ದಿನ ಕಾಗದವೂ ಇಲ್ಲದೆ ಅವರು ಬಂದರು. ಹಡಗಿನಲ್ಲಿ ಮಂಗಳೂರಿಗೆ, ಅಲ್ಲಿಂದ ರೈಲಿನಲ್ಲಿ ಕುಂಬಳೆಗೆ. ಕಣ್ಣು ಕೆಂಪು, ಮೈ ಕಾದ ಕಾವಲಿ. "ಸಮುದ್ರದ ಗಾಳಿ ಆಗಲಿಲ್ಲ" ಎಂದು ಜಗಲಿಯಲ್ಲಿ ಮಲಗಿದರು. ಅಮ್ಮ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಅವಳಿಗೆ ಆಗಲೇ ಸಂಶಯ.

ಎರಡನೆಯ ದಿನ ಹಣೆಯಲ್ಲಿ ಗುಳ್ಳೆ ಕಾಣಿಸಿತು. ಆಗ ನಿಜ ಹೇಳಿದರು. ಹೋಟೆಲಿನ ಮೇಲಿನ ಒಂದು ಕೋಣೆಯಲ್ಲಿ ಹನ್ನೊಂದು ಮಂದಿ ಮಲಗುತ್ತಿದ್ದರಂತೆ. ಇಡೀ ವಠಾರಕ್ಕೆ, ಅಲ್ಲಿ ಚಾಳು ಎನ್ನುತ್ತಾರೆ, ಎರಡು ನಲ್ಲಿ. ಒಬ್ಬನಿಗೆ ಸಿಡುಬು ಎದ್ದಾಗ ಉಳಿದವರು ಅವನನ್ನು ಅಕ್ಕಿಮೂಟೆಗಳ ಹಿಂದೆ ಮಲಗಿಸಿ ಅಡಗಿಸಿದರಂತೆ. ಗೊತ್ತಾದರೆ ಮುನಿಸಿಪಾಲಿಟಿಯ ಗಾಡಿ ಬಂದು ಎತ್ತಿಕೊಂಡು ಹೋಗುತ್ತದೆ, ಆ ಆಸ್ಪತ್ರೆಗೆ ಹೋದವನು ಬರುವುದಿಲ್ಲ, ಕೋಣೆಗೆ ಬೀಗ, ಕೆಲಸವೂ ಇಲ್ಲ ಎಂಬ ಹೆದರಿಕೆ. ಅವನು ಮೂಟೆಗಳ ಹಿಂದೆಯೇ ಸತ್ತ. ನನ್ನ ಗಂಡ ಹಡಗು ಹತ್ತಿದರು.

"ಅಷ್ಟು ದೊಡ್ಡ ಊರಲ್ಲಿ ಒಂದು ದಾಕು ಸಿಗಲಿಲ್ಲವಾ ನಿಮಗೆ?" ಎಂದು ಕೇಳಿದೆ. "ಸಾಲು ನಿಲ್ಲಬೇಕು, ಅರ್ಧ ದಿನದ ಸಂಬಳ ಹೋಗ್ತದೆ" ಎಂದರು. ಬೈದೆ. ಬೈಯುವ ಯೋಗ್ಯತೆ ನನಗೆಲ್ಲಿತ್ತು?

ನಮ್ಮ ಕಡೆ ರೋಗಿಯನ್ನು ಮನೆಯಲ್ಲಿ ಇಡುವ ಕ್ರಮವಿಲ್ಲ. ಗದ್ದೆಯ ಆಚೆಗಿದ್ದ ಕಾವಲಿನ ಗುಡಿಸಲಿನಲ್ಲಿ ಬಾಳೆಎಲೆ ಹಾಸಿ ಮಲಗಿಸುವುದು. ಮೊದಲೇ ಸಿಡುಬು ಬಂದು ಹೋದವರು ಇಲ್ಲವೇ ದಾಕು ಆದವರು ಒಬ್ಬರು ಜೊತೆಯಲ್ಲಿರುವುದು. ಅಮ್ಮನಿಗೆ ಎರಡೂ ಆಗಿರಲಿಲ್ಲ, ಮಾವನಿಗೂ ಇಲ್ಲ. ದಾಕು ಆದವರು ನಾನು, ಮತ್ತು ಎಲ್ಲರ ಲೆಕ್ಕಕ್ಕೆ ತಂಗಿ.

"ನೀನು ಹಾಲು ಕೊಡುವವಳು. ಹೋದರೆ ಮಗು ಉಳಿಯುವುದಿಲ್ಲ" ಎಂದ ಮಾವ. ಆಮೇಲೆ ತಂಗಿಯ ಕಡೆ ನೋಡಿದ.

ಅವಳು ತೋಳು ಎತ್ತಿ ತೋರಿಸಿದಳು. "ನಾನು ಹೋಗುತ್ತೇನೆ ಬಿಡಿ. ಊರಿಗೇ ಒಳ್ಳೆಯ ದಾಕು ನನ್ನದು. ಬಾವನಿಗೆ ಗಂಜಿ ಕುಡಿಸಲಿಕ್ಕೆ ಎಂತ ವಿದ್ಯೆ ಬೇಕಾ?"

ನಾನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಮಾತು ನನ್ನ ಕಡೆ ತಿರುಗುತ್ತಿತ್ತು. ಮಗುವಿನ ನೆಪವೂ ಇತ್ತು. ನೆಪ ಎಂದು ಈಗ ಬರೆಯುತ್ತೇನೆ, ಆಗ ಅದು ನನಗೆ ದೊಡ್ಡ ಕಾರಣವೇ ಆಗಿ ಕಂಡಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ನನ್ನನ್ನು ಸ್ವಲ್ಪ ಕ್ಷಮಿಸಿಕೊಳ್ಳುತ್ತಿದ್ದೆನೋ ಏನೋ. ಮರುದಿನ ಬೆಳಿಗ್ಗೆಯೇ ಪಟೇಲರಿಗೆ ಸುದ್ದಿ ಹೋಗಿ ದಾಕಿನವರು ಬಂದರು. ಹಳಬರಲ್ಲ, ಹೊಸಬ, ಮೀಸೆ ಚಿಗುರಿದ ಹುಡುಗ. ಅಮ್ಮನಿಗೆ, ಮಾವನಿಗೆ ಹಾಕಿದ. ನನ್ನ ಮಗುವಿನ ತೋಳನ್ನು ನಾನೇ ಹಿಡಿದೆ, ಹಾಕಿದ. ತಂಗಿ ಗಂಜಿ ಕೊಂಡುಹೋಗಲು ಬಂದವಳು ಅಂಗಳದ ಬದಿಯಲ್ಲಿ ದೂರ ನಿಂತಿದ್ದಳು.

"ಅವರಿಗೆ?" ಎಂದು ಕೇಳಿದ.

ಅವಳು ತೋಳು ತೋರಿಸಿದಳು. ಅವನು ನನ್ನನ್ನು ನೋಡಿದ. "ಸರಿಯಾಗಿ ಎದ್ದಿತ್ತಾ ಅಕ್ಕ? ಮದ್ದು ಕಡಿಮೆ ಉಂಟು, ಆಗದವರಿಗೆ ಮೊದಲು ಹಾಕಬೇಕು. ಅದಕ್ಕೆ ಕೇಳಿದ್ದು."

"ಹೌದು, ಎದ್ದಿತ್ತು" ಎಂದೆ.

ಅವನು ಪೆಟ್ಟಿಗೆ ಮುಚ್ಚಿದ. ನಮ್ಮಲ್ಲಿಂದ ಹೋಗಿ ಬಾವಿಯಾಚೆಯ ಮನೆಯಲ್ಲಿ ಮೂವರಿಗೆ ಹಾಕಿದ. ಹಾಗಾಗಿ ಮದ್ದು ಇರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ. ಆ ಸಲ ಮಗುವಿನ ತೋಳನ್ನು ನಾನು ತೊಳೆಯಲಿಲ್ಲ. ಒಂದು ಹನಿ ನೀರು ತಾಗದ ಹಾಗೆ ನೋಡಿಕೊಂಡೆ.

ಗಂಡನ ಗುಳ್ಳೆಗಳು ಒಣಗುವ ಹೊತ್ತಿಗೆ ತಂಗಿ ಸಿಡುಬಿನಲ್ಲಿ ಮಲಗಿದಳು. ಸಿಡುಬು ಬಂದು ಉಳಿದ ಒಬ್ಬ ಮುದುಕಿಯನ್ನು ಗೊತ್ತುಮಾಡಿದೆವು. ನಾನು ದಿನಾ ಗದ್ದೆಯ ಹುಣಿಯವರೆಗೆ, ಎಂದರೆ ಬದುವಿನವರೆಗೆ, ಹೋಗಿ ಗಂಜಿ, ಎಳನೀರು ಇಟ್ಟು ಬರುತ್ತಿದ್ದೆ. ಹದಿನಾಲ್ಕನೆಯ ದಿನ ಮುದುಕಿ ಅಲ್ಲಿಂದಲೇ ಕೂಗಿ ಹೇಳಿದಳು: "ಜೀವ ಉಳಿಯಿತು. ಎಡದ ಕಣ್ಣು ಹೋಯಿತು." ಆ ಮುದುಕಿಗೆ ಮಾತನ್ನು ಮೆತ್ತಗೆ ಮಾಡಲು ಬರುತ್ತಿರಲಿಲ್ಲ.

ಗಂಡ ಮುಖದ ತುಂಬ ಕುಳಿ ಹೊತ್ತು ಬೊಂಬಾಯಿಗೆ ಹೋದರು. ಗಂಡಸಿನ ಮುಖವನ್ನು ಯಾರು ನೋಡುತ್ತಾರೆ? ಮಂಜೇಶ್ವರದವರು ಮತ್ತೆ ಬರಲಿಲ್ಲ. ಬೇರೆ ಯಾರೂ ಬರಲಿಲ್ಲ. ತಂಗಿ ಕನ್ನಡಿಯನ್ನು ತೆಗೆದು ಅಟ್ಟಕ್ಕೆ ಹಾಕಿದಳು, ಅಷ್ಟೆ. ಅತ್ತದ್ದು ನನಗೆ ಕಾಣಲಿಲ್ಲ.

ಆದರೆ ಅವಳಿಗೆ ಸಿಟ್ಟು ಬಂದಿತ್ತು, ಅದು ನನ್ನ ಮೇಲಲ್ಲ, ದಾಕಿನ ಮೇಲೆ. ನೆರೆಯ ಹೆಂಗಸರು ಬಂದು ಕೂತರೆ ಸೆರಗು ಸರಿಸಿ ತೋಳು ತೋರಿಸುತ್ತಿದ್ದಳು. "ನೋಡಿ, ಇದು ದಾಕು. ಇದು ನನ್ನ ಮುಖ. ಇನ್ನು ನಿಮ್ಮ ಮಕ್ಕಳಿಗೆ ಹಾಕಿಸಿ." ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಮರುವರ್ಷ ದಾಕಿನ ಹುಡುಗ ಬಂದಾಗ ನಾಲ್ಕು ಮನೆಯವರು ಬಾಗಿಲು ಹಾಕಿಕೊಂಡರು. ಅವನು ನಮ್ಮ ಜಗಲಿಯಲ್ಲಿ ಕೂತು, "ಎಂತ ಮಾಡುವುದು ಅಕ್ಕ, ಹೀಗೂ ಒಂದೊಂದು ಆಗುವುದುಂಟು" ಎಂದ. ನಾನು ಮಜ್ಜಿಗೆ ಕೊಟ್ಟೆ. ಸತ್ಯ ಕೊಡಲಿಲ್ಲ.

ಮತ್ತೆ ಎರಡು ವರ್ಷಕ್ಕೆ ನನಗೆ ಗಂಡುಮಗು ಆಯಿತು. ಅದನ್ನು ಎತ್ತಿ ಆಡಿಸಿದ್ದು ತಂಗಿಯೇ. ಮಗುವಿಗೆ ಆರು ತಿಂಗಳಾಗಿದ್ದಾಗ ದಾಕಿನವನು ಬಂದ. ಕುಂಬಳೆಯ ಕಡೆ ಸಿಡುಬು ಕಾಣಿಸಿದೆ ಎಂಬ ಸುದ್ದಿಯೂ ಬಂದಿತ್ತು. ಅವನ ಕೊಡೆ ಕಂಡದ್ದೇ ತಂಗಿ ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಅಗುಳಿ ಹಾಕಿದಳು. ಅಂಗಳದಲ್ಲಿ ಬಾವಿಯಾಚೆಯ ಮನೆಯ ಹೆಂಗಸರು, ಇವಳು ಎಂತ ಮಾಡುತ್ತಾಳೆ ಎಂದು ನೋಡುತ್ತ ನಿಂತಿದ್ದರು.

"ಬಾಗಿಲು ತೆಗೆ" ಎಂದೆ.

"ನನ್ನ ಹೆಣ ದಾಟಿ ಹಾಕಲಿ" ಎಂದಳು ಒಳಗಿನಿಂದ. "ನಿನಗೆ ಕಣ್ಣು ಎರಡು ಉಂಟಲ್ಲ ಅಕ್ಕ, ಒಂದರಿಂದಾದರೂ ನನ್ನನ್ನು ನೋಡು."

ಬಾಗಿಲಿಗೆ ಬಾಯಿ ಹಚ್ಚಿ, ಅಂಗಳಕ್ಕೆ ಕೇಳದ ಹಾಗೆ ಹೇಳಿದೆ. ಬೂದಿಯಲ್ಲಿ ತೊಳೆದದ್ದು, ಗೇರುಬೀಜ, ತೆಂಗಿನ ಕಡ್ಡಿ, ಎಲ್ಲ. ಎದುರು ನಿಂತು ಹೇಳಲು ನನ್ನಿಂದ ಆಗುತ್ತಿರಲಿಲ್ಲ, ಬಾಗಿಲು ಇದ್ದದ್ದು ನನ್ನ ಪುಣ್ಯ. ಮುಗಿದ ಮೇಲೆ ಒಳಗೆ ಮಗು ಕೈಬಳೆ ಕುಟ್ಟುವ ಶಬ್ದ ಮಾತ್ರ ಕೇಳುತ್ತಿತ್ತು.

"ಬಾವನನ್ನು ನೋಡಲು ನನ್ನನ್ನು ಕಳಿಸುವಾಗ ನಿನಗೆ ಇದು ನೆನಪಿತ್ತಾ?"

"ಇತ್ತು."

"ಆ ಹುಡುಗ ಅಂಗಳದಲ್ಲಿ ಕೇಳುವಾಗ?"

"ಆಗಲೂ ಇತ್ತು."

ಆಮೇಲೆ ಕೇಳಿದಳು, "ಆ ರೈಲಿನಲ್ಲಿ ಕಿಟಕಿಯ ಹತ್ತಿರ ನಾನು ಕೂತಿದ್ದೆನಾ? ನನಗೆ ಎಂತದ್ದೂ ನೆನಪಿಲ್ಲ."

"ಇಲ್ಲ. ನಾನು ಕೂತಿದ್ದೆ" ಎಂದೆ.

ಅಗುಳಿ ತೆಗೆದಳು. ನನ್ನ ಮುಖ ನೋಡದೆ ಜಗಲಿಗೆ ಹೋಗಿ ಮಗುವಿನ ಅಂಗಿ ಬಿಚ್ಚಿ, ತೋಳನ್ನು ಮುಂದೆ ಮಾಡಿದಳು. ಹೆಂಗಸರಲ್ಲಿ ಒಬ್ಬಳು, "ಇದೆಂತ, ನೀನೇ ಹಾಕಿಸುತ್ತೀಯಲ್ಲ?" ಎಂದು ಕೇಳಿದಳು.

"ನನಗೆ ಆಗ ಸರಿಯಾಗಿ ಹಿಡಿದಿರಲಿಲ್ಲವಂತೆ. ಈಗ ಗೊತ್ತಾಯಿತು. ದಾಕಿನದ್ದು ತಪ್ಪಲ್ಲ" ಎಂದಳು. ತಪ್ಪು ಯಾರದ್ದು ಎಂದು ಅವರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳು ಸಾಯುವವರೆಗೂ ಹೇಳಲಿಲ್ಲ. ನಾನು ಆ ಸುಳ್ಳಿನ ಮರೆಯಲ್ಲಿ ಊರಿನಲ್ಲಿ ತಲೆ ಎತ್ತಿ ತಿರುಗಾಡಿದೆ.

ಆ ದಿನದಿಂದ ಅವಳು ಮಗುವನ್ನು ನನ್ನ ಹತ್ತಿರ ಒಂಟಿಯಾಗಿ ಬಿಡಲಿಲ್ಲ. ಹಾಲು ಕುಡಿಸಲು ಕೊಟ್ಟರೂ ಪಕ್ಕದಲ್ಲೇ ಕೂತು, ಉಳಿದ ಒಂದು ಕಣ್ಣಿನಿಂದ ನನ್ನ ಕೈಗಳನ್ನೇ ನೋಡುತ್ತಿದ್ದಳು. ಬಾವಿಕಟ್ಟೆಯ ಹತ್ತಿರ ನಾನು ಮಗುವಿನೊಂದಿಗೆ ಹೋದರೆ ಅವಳೂ ಎದ್ದು ಬರುತ್ತಿದ್ದಳು. ಗುಳ್ಳೆ ಎದ್ದಿತು, ಕೀವು ತುಂಬಿತು, ಕಪ್ಪಾಯಿತು. ಮೂರು ವಾರ ಕಳೆದು ಹಕ್ಕಳೆ ಬಿತ್ತು. ಅದನ್ನು ಹೆಕ್ಕಿ ಒಲೆಗೆ ಹಾಕಿದಳು. ಮಗುವಿನ ತೋಳಿನ ಹೊಸ ಕಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದಳು. ಆಮೇಲೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಹೇಳಿದಳು:

"ತಗೋ. ಇನ್ನು ನೀನು ಮೀಯಿಸಬಹುದು."