ಕಪ್ಪು ಬಳಿದ ಟೈರಿಗೆ ಇಲ್ಲಿ ಗಾಳಿಯಿಲ್ಲ

ಮೈಸೂರಿನ ನಜರ್‌ಬಾದ್‌ನಲ್ಲಿ ಹಾಲಿನವರ ಸದ್ದು ಇನ್ನೂ ಶುರುವಾಗಿಲ್ಲ. ಸುಂದರಮ್ಮ ಆಗಲೇ ಸೈಕಲ್ ಶಾಪಿನ ಬಾಗಿಲು ತೆಗೆದು, ಕಸ ಗುಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾರೆ. ಮೊದಲ ಶಿಫ್ಟಿಗೆ ಮೇಟಗಳ್ಳಿಯ ಕಾರ್ಖಾನೆಗಳತ್ತ ಹೊರಟ ಕಾರ್ಮಿಕರು ಗಾಳಿ ಹಾಕಿಸಿಕೊಳ್ಳುವ ಹೊತ್ತಿದು. ಕೇಳಿದ ಕೂಡಲೇ ಗಾಳಿ ಸಿಕ್ಕೀತು ಅಂದುಕೊಂಡರೆ ಕೆಟ್ಟಿರಿ! ಈಯಮ್ಮ ಚಕ್ರ ಎತ್ತಿ ತಿರುಗಿಸಿ, ಹೆಬ್ಬೆರಳಲ್ಲಿ ಟೈರಿನ ಪಕ್ಕೆ ಒತ್ತಿ ನೋಡಿ ಒಪ್ಪಿದ ಮೇಲೇ ಪಂಪು ಮುಟ್ಟುವುದು.

ಇವತ್ತು ಸಿಕ್ಕಿಬಿದ್ದವರು ಮಹೇಶ್, ಕಾರ್ಖಾನೆಯೊಂದರ ಫಿಟ್ಟರ್. ಆಯುಧಪೂಜೆ ಮುಗಿದು ವಾರವಾಗಿಲ್ಲ. ಹ್ಯಾಂಡಲ್ಲಿನ ಸೇವಂತಿಗೆ ಬಾಡಿದೆ, ಟೈರು ಮಾತ್ರ ಮಿರಮಿರ ಮಿಂಚುತ್ತಿದೆ. ಪೂಜೆಗೆ ಮುಂಚೆ ಹಳೇ ಟೈರಿಗೆ ಕಪ್ಪು ಪಾಲಿಶ್ ಬಳಿಸಿ ಹೊಸದು ಮಾಡಿಸಿಕೊಳ್ಳುವ ಶೋಕಿ ನಮ್ಮ ಮೈಸೂರಿನವರಿಗೆ ಇದ್ದದ್ದೇ. ಸುಂದರಮ್ಮ ಸೋಪು ನೀರಿನ ಬಟ್ಟೆಯಲ್ಲಿ ಒರೆಸುತ್ತಾರೆ. ಕಪ್ಪಿನಡಿ ಉದ್ದಕ್ಕೂ ಬಿರುಕು, ಒಂದು ಕಡೆ ಒಳಗಿನ ನೂಲೇ ಕಾಣುತ್ತಿದೆ.

"ಇದಕ್ಕೆ ಗಾಳಿ ಹೊಡಿಯಲ್ಲ ಕಣಪ್ಪ. ಕೆಆರ್‌ಎಸ್ ರೋಡಲ್ಲಿ ಲಾರಿ ಪಕ್ಕದಲ್ಲೇ ಢಬ್ ಅಂದ್ರೆ ಏನ್ಮಾಡ್ತೀಯ?"

"ಅಯ್ಯೋ, ಗೇಟ್ ಹಾಕ್ಬುಡ್ತಾರೆ ಕಣಮ್ಮ! ಇವತ್ತೊಂದಿನ ಹೊಡ್ಕೊಡಿ, ನಾಳೆ ಬದಲಾಯಿಸ್ತೀನಿ," ಎಂದು ಮಹೇಶ್ ಗೋಗರೆಯುತ್ತಾರೆ.

"ನಮ್ಮೆಜಮಾನ್ರೂ ಅಂಗೇ ಅಂದಿದ್ರು."

ಸುಂದರಮ್ಮನ ಗಂಡ ನಂಜಯ್ಯ ಅಂಗಡಿಯೊಳಗೆ ಕಾಲು ಚಾಚಿ ಕೂತು ಚಕ್ರದ ಕಡ್ಡಿ ಬಿಗಿಯುತ್ತಿದ್ದಾರೆ. ಅವರೂ ಮೇಟಗಳ್ಳಿಗೆ ದಿನಾ ಸೈಕಲ್ ತುಳಿದವರೇ. ರಿಮ್ಮಿಗೆ ಕೂರದ ಸಡಿಲ ಟೈರನ್ನು 'ನಾಳೆ ನೋಡೋಣ' ಅಂದಿದ್ದರು. ಅದು ನಡುರಸ್ತೆಯಲ್ಲಿ ಕಳಚಿಕೊಂಡು ಇವರು ಬಿದ್ದರು. ಮೊಣಕಾಲು ಮತ್ತೆ ಮಡಚಲಿಲ್ಲ, ಕೆಲಸವೂ ಹೋಯಿತು. ಆಮೇಲೇ ಸುಂದರಮ್ಮ ಅಣ್ಣನ ಈ ಅಂಗಡಿಯಲ್ಲಿ ಕೆಲಸ ಕಲಿತದ್ದು. "ಹೆಂಗಸು ಟೈರ್ ಹಾಕ್ತಾಳಂತೆ ಅಂತ ನಗೋರು. ನಗ್ಲಿ ಬುಡಿ ಅಂದೆ."

ಮಹೇಶ್ ಗಡಿಯಾರ ನೋಡಿಕೊಂಡು ಚಡಪಡಿಸುತ್ತಾರೆ. ಸುಂದರಮ್ಮ ತಮ್ಮದೇ ಸೈಕಲ್ ತಂದು ಮುಂದೆ ನಿಲ್ಲಿಸುತ್ತಾರೆ.

"ಲೇಡೀಸ್ ಸೈಕಲ್ಲಾ? ಶಿಫ್ಟ್ ಪೂರ್ತಿ ನಗ್ತದೆ!"

"ಗೇಟ್ ಹಾಕೋ ಮುಂಚೆ ಓಗು ಮಾರಾಯ."

"ಟೈರ್ ಹಾಕಿಡಿ," ಎಂದು ಗೊಣಗುತ್ತಲೇ ಮಹೇಶ್ ತುಳಿದು ಹೊರಡುತ್ತಾರೆ.

ಸುಂದರಮ್ಮ ರಿಮ್ಮಿನ ಅಳತೆ, ಹೊಸ ಟೈರಿನ ಪಕ್ಕೆಯ ಅಳತೆ ಎರಡನ್ನೂ ಓದುತ್ತಾರೆ. "ಎರಡೂ ಇಪ್ಪತ್ತೆಂಟಿಂಚು ಅಂದ್ರೆ ಸಾಲ್ದು, ಅಗಲಾನೂ ಸರಿಯೋಗ್ಬೇಕು." ಕೈಯಲ್ಲೇ ಕೂರಿಸಿ, ಅರ್ಧ ಗಾಳಿ ಹಾಕಿ ತಿರುಗಿಸುತ್ತಾರೆ. ಟೈರಿನ ಗೆರೆ ರಿಮ್ಮಿನ ಅಂಚಿಗೆ ಸುತ್ತಲೂ ಒಂದೇ ಸಮ ಕಂಡ ಮೇಲೆ ಪೂರ್ತಿ ಗಾಳಿ.

ಇಷ್ಟು ಹಟ ಮಾಡಿದರೆ ಗಿರಾಕಿಗಳು ಪಾಲಿಶ್ ಬಳಿಯುವ ಅಂಗಡಿಗೆ ಹೋಗುವುದಿಲ್ಲವೇ ಅಂತ ನಾವು ಕೇಳುತ್ತೇವೆ.

"ಓಯ್ತಾರೆ. ಎಷ್ಟೋ ಜನ ಓಗ್ಬುಟ್ರು, ಬೇಜಾರಾಯ್ತದೆ. ಮಹೇಶಪ್ಪಾನೂ ಸಂಜೆ ಸರಿಯಾಗಿ ಬೈತಾನೆ, ನೋಡ್ತಿರಿ," ಎಂದು ಕೈ ಒರೆಸಿಕೊಳ್ಳುತ್ತಾರೆ. "ಬೈಲಿ. ಬೈಯಕ್ಕಾದ್ರೂ ಅವ್ನು ವಾಪಸ್ ಬರ್ಬೇಕಲ್ಲ ಕಣ್ರೀ, ಅವ್ನ ಕಾಲ್ಮೇಲೆ ಅವ್ನು. ನಂಗಷ್ಟು ಸಾಕು."