ಅಮ್ಮ ಬೈದದ್ದು, ಅವನು ಹಾಡಿದ್ದು

ನಮ್ಮ ಕಡೆಯ ಆ ರ‍್ಯಾಪ್ ಹಾಡುಗಾರನನ್ನು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಮೈಯುರಿಯುತ್ತದೆ. ಬಿಟಿಎಂ ಲೇಔಟಿನಲ್ಲಿ ಎರಡು ಜಿಮ್ಮು, ಜಯನಗರದಲ್ಲಿ ಟಿಫನ್ ರೂಮು, ಗೊಟ್ಟಿಗೆರೆಯಾಚೆ ಅವನ ಮುಖ ತೋರಿಸಿ ಮಾರಿದ ಸೈಟುಗಳು, ಜೆ.ಪಿ. ನಗರದಲ್ಲಿ ಲಿಫ್ಟ್ ಇರುವ ಮನೆ. ಇರೋದು ಮೂರು ಮಹಡಿ, ಅದಕ್ಕೊಂದು ಲಿಫ್ಟು! ಇರಲಿ, ಅನುಭವಿಸಲಿ. ಅವನ ಐಶ್ವರ್ಯದಲ್ಲಿ ನನಗೆ ಬಿಡಿಗಾಸೂ ಬೇಡ. ಅವನು ನಮ್ಮ ಮನೆಯಿಂದ ಎತ್ತಿಕೊಂಡು ಹೋದದ್ದು ನಮ್ಮಮ್ಮನ ಬೈಗುಳ. ನನಗೆ ಅದು ವಾಪಸ್ ಬೇಕಿತ್ತು, ಅಷ್ಟೇ.

ತೊಂಬತ್ತರ ದಶಕದಲ್ಲಿ ನಾವಿಬ್ಬರೂ ಒಂದೇ ಆರ್ಕೆಸ್ಟ್ರಾದಲ್ಲಿದ್ದೆವು. ಗಣೇಶನ ಹಬ್ಬದಿಂದ ಹಿಡಿದು ರಾಜ್ಯೋತ್ಸವದ ತಿಂಗಳು ಮುಗಿಯುವವರೆಗೆ ಬನಶಂಕರಿಯಲ್ಲೋ ಸುಬ್ರಹ್ಮಣ್ಯಪುರದಲ್ಲೋ ಯಾವುದಾದರೊಂದು ಅಡ್ಡರಸ್ತೆಯಲ್ಲಿ ನಮಗೆ ಸ್ಟೇಜು ಇದ್ದೇ ಇರುತ್ತಿತ್ತು. ನಾನು ರಿದಂ ಪ್ಯಾಡ್ ಬಾರಿಸುತ್ತಿದ್ದೆ. ಅವನು ನಿರೂಪಕ. ಗಾಯಕಿ ಬರುವುದು ತಡವಾದರೆ, ಮೈಕು ಕೈಕೊಟ್ಟರೆ, ಜನ ಎದ್ದು ಹೋಗದ ಹಾಗೆ ಹಿಡಿದಿಡುವುದು ಅವನ ಕೆಲಸ. ಆ ಸಂದಿನಲ್ಲಿ ಅವನು ರ‍್ಯಾಪ್ ಮಾಡುತ್ತಿದ್ದ. ಯಾವುದೋ ವಿದೇಶಿ ಕ್ಯಾಸೆಟ್ ಕೇಳಿ ಕಲಿತ ಅರೆಬರೆ ಇಂಗ್ಲಿಷು, ಮೂಗಿನಲ್ಲಿ ಮಾತು, ಗಾಳಿಯಲ್ಲಿ ಕೈ. ಒಂದು ಸಲ ಮುಂದಿನ ಸಾಲಿನಿಂದ ಯಾರೋ, ‘ಏನ್ ಗುರು, ಹಲ್ಲು ನೋವಾ?’ ಅಂತ ಕೂಗಿದರು. ಇಡೀ ರಸ್ತೆ ನಕ್ಕಿತು. ಸ್ಟೇಜಿನ ಹಿಂದೆ ಬಂದು ಅವನು ಕಣ್ಣೊರೆಸಿಕೊಂಡದ್ದನ್ನು ನೋಡಿದವನು ನಾನೊಬ್ಬನೇ. ಅವತ್ತಿನಿಂದ ಅವನು ನನ್ನ ಜೀವದ ಗೆಳೆಯನಾದ. ಎಂಥಾ ಪೆದ್ದ ನಾನು!

ನಮ್ಮ ಮನೆ ಜಯನಗರ ಒಂಬತ್ತನೇ ಬ್ಲಾಕಿನಲ್ಲಿ, ಬಾಡಿಗೆಯದು. ಅಪ್ಪ ತೀರಿಕೊಂಡು ವರ್ಷದ ಮೇಲಾಗಿತ್ತು. ಮನೆಯಲ್ಲಿ ನಾನು ಮತ್ತು ಅಮ್ಮ, ಇಬ್ಬರೇ. ದಿನ ಬಿಟ್ಟು ದಿನ ಬೆಳಗಿನ ಹೊತ್ತು ಕಾವೇರಿ ನೀರು ಬರುತ್ತಿತ್ತು. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಕೊಳಾಯಿ, ಪಕ್ಕದಲ್ಲೇ ಸಂಪು. ಸಂಪಿನ ಮುಚ್ಚಳ ಒಂದು ಮೂಲೆಯಲ್ಲಿ ಮುರಿದಿತ್ತು. ‘ಭಾನುವಾರ ಸರಿ ಮಾಡಿಸ್ತೀನಿ ಕಣೇ’ ಅಂತ ಅಪ್ಪ ಹೇಳುತ್ತಲೇ ಇದ್ದರು. ಅಂಥದ್ದೊಂದು ಭಾನುವಾರ ಬರುವ ಮೊದಲೇ ಆಫೀಸಿನಿಂದ ಅವರನ್ನು ಆಂಬುಲೆನ್ಸಿನಲ್ಲಿ ಕರೆತಂದರು.

ಅಪ್ಪ ಸತ್ತಾಗ ಅಮ್ಮ ನಾಲ್ಕು ಜನರೆದುರು ಅಳಲಿಲ್ಲ. ‘ಗಟ್ಟಿಗಿತ್ತಿ’ ಅಂದರು ನೆಂಟರು. ಅಮ್ಮನ ಅಳು ಯಾವುದು ಅಂತ ನನಗೆ ಗೊತ್ತಿತ್ತು. ನೀರು ಬಂದ ದಿನ ಅವಳು ಕೊಡ ಹಿಡಿದು ಕೊಳಾಯಿಯ ಮುಂದೆ ನಿಂತು ಬೈಯಲು ಶುರು ಮಾಡುತ್ತಿದ್ದಳು. ಮೊದಲು ನೀರು ಬಿಡುವವನಿಗೆ, ಆಮೇಲೆ ಓನರಿಗೆ, ಆಮೇಲೆ ನನಗೆ. ‘ಎದ್ದೇಳೋ ಕತ್ತೆ, ಬಿಸಿಲು ಬೆನ್ನಿಗೆ ಬಂದ್ರೂ ಬಿದ್ಕೊಂಡಿರ್ತೀಯಲ್ಲೋ, ಬಾಯಿಗೆ ನೀರು ಬಿಡ್ಲಾ?’ ಅನ್ನುತ್ತಿದ್ದಳು. ಕೊನೆಗೆ ಸಂಪಿನ ಹತ್ತಿರ ಬಂದು ಅಪ್ಪನಿಗೆ. ಕೊಡ ತುಂಬುವ ಸದ್ದು, ಅದನ್ನು ಎತ್ತಿ ಸುರಿಯುವ ಸದ್ದು, ನಡುವೆ ಮಾತು. ಒಂದೇ ಲಯ, ಎಲ್ಲೂ ತಪ್ಪುತ್ತಿರಲಿಲ್ಲ. ಪ್ಯಾಡ್ ಬಾರಿಸುವವನು ನಾನು, ನನ್ನ ಕೈಯೇ ಎಷ್ಟೋ ಸಲ ತಪ್ಪಿದೆ.

ಕಾರ್ಯಕ್ರಮ ಇಲ್ಲದ ಭಾನುವಾರಗಳಲ್ಲಿ ಅವನು ಬೆಳಿಗ್ಗೆಯೇ ನಮ್ಮ ಮನೆಗೆ ಬರುತ್ತಿದ್ದ. ಅಮ್ಮನ ಉಪ್ಪಿಟ್ಟು ಅಂದರೆ ಅವನಿಗೆ ಪ್ರಾಣ. ಅಮ್ಮ ಅವನಿಗೂ ಬೈದುಕೊಂಡೇ ಬಡಿಸುತ್ತಿದ್ದಳು. ನೀರು ಬಂದ ಒಂದು ಭಾನುವಾರ ತಟ್ಟೆ ಹಿಡಿದುಕೊಂಡೇ ಅವನು ಹಿಂಬಾಗಿಲ ಕಡೆ ಕಿವಿಗೊಟ್ಟು ಕೂತುಬಿಟ್ಟ. ಉಪ್ಪಿಟ್ಟು ಆರಿತು.

‘ಮಗಾ, ಇದೇ ಕಣೋ,’ ಅಂದ. ‘ನಾನು ಅಮೆರಿಕದಲ್ಲಿ ಹುಡುಕ್ತಿರೋದು ಇಲ್ಲಿ ನಿಮ್ಮನೆ ನಲ್ಲಿ ಹತ್ರ ಇದೆ. ಒಂದ್ಸಲ ರೆಕಾರ್ಡ್ ಮಾಡ್ಕೊಡೋ. ಮನೇಲಿ ಇಟ್ಕೊಂಡು ಪ್ರಾಕ್ಟೀಸ್ ಮಾಡ್ತೀನಿ.’

‘ಅಮ್ಮ ಒಪ್ಪಲ್ಲ ಕಣೋ.’

‘ಕೇಳಿದ್ರೆ ತಾನೇ ಒಪ್ಪದೇ ಇರೋದು? ಮೈಕ್ ಇಟ್ಟು ಬೈಯಿ ಅಂದ್ರೆ ಯಾರಿಗೆ ಬೈಗುಳ ಬರುತ್ತೆ? ಕಲಿತ ಮೇಲೆ ಅಳಿಸಿಬಿಡ್ತೀನಿ. ನಿನ್ನ ತಲೆ ಮೇಲೆ ಆಣೆ.’

ನಿಜವಾಗಿ ನನ್ನ ತಲೆಯ ಮೇಲೆ ಕೈಯಿಟ್ಟ. ಉಪ್ಪಿಟ್ಟಿನ ಜಿಡ್ಡು ಕೂದಲಿಗೆ ಹತ್ತಿತು.

ಮುಂದಿನ ಸಲ ನೀರು ಬಂದ ದಿನ ನಾನು ಅಮ್ಮನಿಗಿಂತ ಮೊದಲು ಎದ್ದೆ. ಹಿಂಬಾಗಿಲ ಪಕ್ಕ ಅಕ್ಕಿ ಡ್ರಮ್ಮು ಇತ್ತು. ಅದರ ಹಿಂದೆ ಟೇಪ್ ರೆಕಾರ್ಡರ್ ಇಟ್ಟು, ಮೇಲೆ ಒಂದು ಖಾಲಿ ಚೀಲ ಹೊದಿಸಿ, ಗುಂಡಿ ಒತ್ತಿ, ಮತ್ತೆ ಹೋಗಿ ಮಲಗಿದವನ ಹಾಗೆ ಮುಸುಕೆಳೆದೆ. ಅಮ್ಮ ಎಂದಿನಂತೆ ಎದ್ದಳು, ಬೈದಳು. ಅವತ್ತು ಅಪ್ಪನ ಸರದಿ ಸ್ವಲ್ಪ ಜೋರಾಗಿಯೇ ಇತ್ತು. ‘ಹೋಗೋದೇನೋ ಹೋದ್ರಿ, ಹೇಳಿ ಹೋದ್ರಾ? ಮುಚ್ಚಳ ಮುರಿದು ವರ್ಷ ಆಯ್ತು, ನೋಡಿ ಹೋದ್ರಾ? ಭಾನುವಾರ ಭಾನುವಾರ ಅಂತ ಎಷ್ಟು ಭಾನುವಾರ ರೀ? ಮಗನ್ನ ನನ್ ಕೊರಳಿಗೆ ಕಟ್ಟಿ ಒಬ್ರೇ ಎದ್ದು ಹೋದ್ರಲ್ಲ ರೀ!’ ಅಂದಳು. ಮುಸುಕಿನೊಳಗೆ ನನ್ನ ಕಣ್ಣಲ್ಲಿ ನೀರು ಬಂತು. ಆದರೂ ಎದ್ದು ಹೋಗಿ ಟೇಪು ನಿಲ್ಲಿಸಲಿಲ್ಲ. ರೆಕಾರ್ಡಿಂಗ್ ಸಖತ್ತಾಗಿ ಬಂದಿದೆ ಅಂತ ಒಳಗೊಳಗೇ ಖುಷಿಯೂ ಆಗಿತ್ತು. ಅದನ್ನು ಮುಚ್ಚಿಟ್ಟು ಬರೆದರೆ ನಾನೂ ಅವನಂಥವನೇ ಆಗುತ್ತೇನೆ.

ಕ್ಯಾಸೆಟ್ ಕೊಟ್ಟೆ. ಅವನು ನಿಜಕ್ಕೂ ಕಲಿತ. ಮೂಗಿನ ಇಂಗ್ಲಿಷು ಹೋಯಿತು. ನಮ್ಮ ಬೀದಿಯ ಕನ್ನಡ ಬಂತು. ಕೊಡ ತುಂಬಿಸಿ ಸುರಿಯುವ ಆ ನಡೆಯೂ ಬಂತು. ಮರುವರ್ಷ ಗಣೇಶನ ಪೆಂಡಾಲಿನಲ್ಲಿ ಜನ ‘ಒನ್ಸ್ ಮೋರ್’ ಅಂದರು. ಅದಾದ ಮೇಲೆ ಅವನು ಆರ್ಕೆಸ್ಟ್ರಾ ಬಿಟ್ಟ. ‘ಒಂದು ಆಲ್ಬಮ್ ಮಾಡ್ತಿದೀನಿ ಮಗಾ, ಪ್ಯಾಡ್ ನಿಂದೇ’ ಅಂದ. ಎಷ್ಟೋ ತಿಂಗಳು ಕಾದೆ. ಫೋನು ಮಾಡಿದರೆ ಯಾರೋ ಎತ್ತಿ, ‘ಸಾರ್ ಸ್ಟುಡಿಯೋದಲ್ಲಿದಾರೆ’ ಅನ್ನುತ್ತಿದ್ದರು. ಸಾರ್! ನಮ್ಮ ಮನೆಯಲ್ಲಿ ತಳ ಹಿಡಿದ ಉಪ್ಪಿಟ್ಟನ್ನೂ ಕೆರೆದು ತಿಂದ ಸಾರ್. ನಾನು ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡೆ. ಪ್ಯಾಡು ಅಟ್ಟಕ್ಕೆ ಹೋಯಿತು.

ಆಲ್ಬಮ್ ಬಂದದ್ದು ನನಗೆ ಗೊತ್ತಾದದ್ದು ಅಮ್ಮನ ಜೊತೆಯಲ್ಲೇ. ನಮ್ಮ ಚಿಕ್ಕಮ್ಮನ ಮಗಳ ಮದುವೆ, ಬನಶಂಕರಿಯ ಒಂದು ಛತ್ರದಲ್ಲಿ. ಆರತಕ್ಷತೆಯ ಸಂಜೆ ಗಂಡಿನ ಕಡೆಯ ಹುಡುಗರು ದೊಡ್ಡ ಸ್ಪೀಕರ್ ತಂದಿದ್ದರು. ‘ಹೊಸಾ ಹಾಡು, ಸಖತ್ತಾಗಿದೆ’ ಅಂತ ಹಾಕಿದರು. ಮೊದಲು ಕೊಡಕ್ಕೆ ನೀರು ಬೀಳುವ ಸದ್ದು ಬಂತು. ಆಮೇಲೆ ಡ್ರಮ್ಮು. ಆಮೇಲೆ ಅಮ್ಮ.

‘ಹೋಗೋದೇನೋ ಹೋದ್ರಿ, ಹೇಳಿ ಹೋದ್ರಾ?’

ಅವನದೇ ಗಂಟಲಿನಲ್ಲಿ ಹಾಡಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಅದು ನಮ್ಮಮ್ಮನದೇ ದನಿ, ಅಕ್ಕಿ ಡ್ರಮ್ಮಿನ ಹಿಂದಿನ ದನಿ, ಕತ್ತರಿಸಿ ಅಂಟಿಸಿ ನಾಲ್ಕು ನಾಲ್ಕು ಸಲ ತಿರುಗಿಸಿದ್ದು. ಅವಳು ‘ರೀ’ ಅಂದಲ್ಲೆಲ್ಲ ಅವನು ‘ಕುಡುಕ ಗಂಡ, ಕುಡುಕ ಗಂಡ’ ಅಂತ ಸೇರಿಸಿದ್ದ. ಒಂದು ದಿನವೂ ಹೆಂಡ ಮುಟ್ಟದ ನಮ್ಮಪ್ಪ! ಹುಡುಗರು ಕುಣಿದರು. ಮದುಮಗನನ್ನು ಎಳೆದು ತಂದು ಕುಣಿಸಿದರು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲವರಿಗೆ ದನಿಯ ಗುರುತು ಸಿಕ್ಕಿ, ನಗು ಅರ್ಧಕ್ಕೇ ನಿಲ್ಲಿಸಿ ಅಮ್ಮನ ಕಡೆ ತಿರುಗಿದರು. ಅಮ್ಮ ಕೈಯಲ್ಲಿದ್ದ ತಾಂಬೂಲದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹಾಡು ಮುಗಿಯುವವರೆಗೂ ಕೂತಿದ್ದಳು.

ಮನೆಗೆ ಬಂದ ಮೇಲೆ ನಾನೇ ಬಾಯಿಬಿಟ್ಟೆ. ಅವನು ಮೋಸ ಮಾಡಿದ, ಅಳಿಸ್ತೀನಿ ಅಂತ ನನ್ನ ತಲೆ ಮುಟ್ಟಿ ಆಣೆ ಹಾಕಿದ್ದ, ಅವನ ಮನೆ ಹಾಳಾಗ, ಅಂತೆಲ್ಲ ಒದರಿದೆ. ಅಮ್ಮ ಎಲ್ಲ ಕೇಳಿಸಿಕೊಂಡಳು.

‘ಟೇಪ್ ರೆಕಾರ್ಡರ್ ಎಲ್ಲಿಟ್ಟಿದ್ದೆ?’ ಅಂತ ಒಂದೇ ಒಂದು ಕೇಳಿದಳು.

‘ಅಕ್ಕಿ ಡ್ರಮ್ ಹಿಂದೆ.’

‘ಹ್ಞೂಂ,’ ಅಂದಳು. ಸೀರೆ ಬದಲಾಯಿಸಲು ಒಳಗೆ ಹೋದಳು.

ಮರುದಿನ ನೀರು ಬಂತು. ಅಮ್ಮ ತುಟಿ ಬಿಚ್ಚಲಿಲ್ಲ. ಕೊಡ ತುಂಬಿತು, ಸುರಿಯಿತು, ತುಂಬಿತು, ಸುರಿಯಿತು. ನನ್ನನ್ನು ಎಬ್ಬಿಸಲು ಬಂದವಳು ಬಾಗಿಲ ಹತ್ತಿರ ನಿಂತು, ‘ಗಂಟೆ ಏಳಾಯ್ತು’ ಅಂದಳು. ಬೇರೆಯವರ ಮನೆಗೆ ಬಂದು ಮಲಗಿದ್ದೇನೋ ಅನ್ನುವ ಹಾಗಾಯಿತು. ಹೊತ್ತುಹೊತ್ತಿಗೆ ಊಟ ಇತ್ತು. ಜ್ವರ ಬಂದಾಗ ಹಣೆಗೆ ಬಟ್ಟೆ ಇತ್ತು. ಯಾವುದಕ್ಕೂ ಕೊರತೆಯಿಲ್ಲ. ಬೈಗುಳ ಮಾತ್ರ ಇಲ್ಲ. ನಾನು ಬೇಕೆಂದೇ ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಹಾಕಿದೆ, ಹಾಲು ಉಕ್ಕಲು ಬಿಟ್ಟೆ, ಒಂದು ದಿನ ಸಂಬಳದ ಕವರನ್ನೇ ಕಳೆದುಕೊಂಡೆ ಅಂತ ಸುಳ್ಳು ಹೇಳಿದೆ. ‘ಹೋಗ್ಲಿ ಬಿಡು’ ಅಂದಳು. ಅಯ್ಯೋ, ಆ ‘ಹೋಗ್ಲಿ ಬಿಡು’ ಕೇಳುವುದಕ್ಕಿಂತ ಕೆನ್ನೆಗೆ ಎರಡು ಬಿಗಿಸಿಕೊಳ್ಳುವುದು ಮೇಲು.

ಇತ್ತ ಅವನು ಬೆಳೆದದ್ದೇ ಬೆಳೆದದ್ದು. ಆಟೋಗಳ ಹಿಂದೆ ‘ಹೇಳಿ ಹೋದ್ರಾ?’ ಅಂತ ಬರೆಸಿದರು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಅದೇ ಮಾತಿನ ಟೀ ಶರ್ಟು ನೇತಾಡಿತು. ಅವನದೇ ಕಂಪನಿಯಂತೆ. ಆಮೇಲೆ ಜಿಮ್ಮು, ಆಮೇಲೆ ಸೈಟು. ಗೊಟ್ಟಿಗೆರೆ ಕಡೆ ಹೋದರೆ ಬೋರ್ಡಿನಲ್ಲಿ ಕಪ್ಪು ಕನ್ನಡಕ ಹಾಕಿ ನಿಂತಿರುತ್ತಿದ್ದ. ಕಾವೇರಿ ನೀರು ಗ್ಯಾರಂಟಿ ಅಂತೆ! ಪತ್ರಿಕೆಯ ಪುರವಣಿಯಲ್ಲಿ ಅವನ ಸಂದರ್ಶನ ಬಂತು: ‘ನನ್ನ ತಾಯಿಯ ಬೈಗುಳವೇ ನನಗೆ ಸ್ಫೂರ್ತಿ.’ ಅವನ ತಾಯಿ ಸುಬ್ರಹ್ಮಣ್ಯಪುರದಲ್ಲಿ ಪ್ರೈಮರಿ ಸ್ಕೂಲ್ ಟೀಚರಾಗಿದ್ದವರು. ಹಾಲು ಕದ್ದ ಬೆಕ್ಕಿಗೂ ‘ಹೋಗಮ್ಮ’ ಅನ್ನುವಂಥ ಸಾಧ್ವಿ. ಪೇಪರನ್ನು ಉಂಡೆ ಕಟ್ಟಿ ಎಸೆದೆ. ಅಮ್ಮ ಅದನ್ನು ಬಿಡಿಸಿ, ಸರಿಮಾಡಿ, ತರಕಾರಿ ಬುಟ್ಟಿಯ ತಳಕ್ಕೆ ಹಾಸಿದಳು.

ಅವನೇ ಬಂದು ಅಮ್ಮನ ಎದುರು ನಿಂತು ‘ತಪ್ಪು ನಂದು’ ಅಂದರೆ ಅಮ್ಮ ಅವನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಾಳೆ, ಕಟ್ಟೆ ಒಡೆಯುತ್ತದೆ, ಜೊತೆಗೆ ನನಗೂ ನಾಲ್ಕು ಬೀಳುತ್ತದೆ. ನನ್ನ ಲೆಕ್ಕಾಚಾರ ಇಷ್ಟೇ ಇತ್ತು. ಅವನು ಜಯನಗರದಲ್ಲಿ ಟಿಫನ್ ರೂಮು ತೆಗೆಯುತ್ತಾನೆ, ಜಾಹೀರಾತಿಗೂ ಅದೇ ದನಿ ಹಾಕುತ್ತಾನೆ ಅಂತ ಸುದ್ದಿ ಬಂದಾಗ ಆಫೀಸಿಗೆ ರಜೆ ಹಾಕಿ ಜೆ.ಪಿ. ನಗರಕ್ಕೆ ಹೋದೆ. ಆ ಲಿಫ್ಟಿನಲ್ಲೇ ಮೇಲೆ ಕರೆಸಿಕೊಂಡ.

‘ಏನ್ ಮಗಾ, ಎಷ್ಟು ವರ್ಷ ಆಯ್ತೋ! ಅಮ್ಮ ಹೇಗಿದಾರೆ?’

‘ಬೈಯೋದು ಬಿಟ್ಟಿದಾರೆ.’

ನಕ್ಕ. ತಮಾಷೆ ಅಂದುಕೊಂಡ. ನಾನು ನಗದೇ ಇದ್ದಾಗ ಸೋಫಾದಲ್ಲಿ ಮುಂದಕ್ಕೆ ಬಗ್ಗಿದ. ‘ನೋಡು, ಏನಾದ್ರೂ ಸೆಟಲ್ ಮಾಡ್ಕೊಳೋಣ. ನೀನೇ ಹೇಳು.’

‘ನಿನ್ನ ದುಡ್ಡಿಗೆ ಬೆಂಕಿ ಹಾಕು. ಒಂದೇ ಒಂದ್ಸಲ ಮನೆಗೆ ಬಾ. ಅಳಿಸ್ತೀನಿ ಅಂದಿದ್ದೆ, ಅಳಿಸ್ಲಿಲ್ಲ ಅಂತ ಅಮ್ಮನ ಮುಂದೆ ಹೇಳು. ಉಪ್ಪಿಟ್ಟು ತಿಂದ ಜಾಗದಲ್ಲೇ ಕೂತು ಹೇಳು.’

ಅವನು ಕೈಯ ಉಂಗುರ ತಿರುಗಿಸಿದ. ‘ಬರಬಹುದು ಕಣೋ,’ ಅಂದ. ‘ಆದ್ರೆ ಅವರು ನನ್ನನ್ನ ಏನಂತ ಕೇಳ್ತಾರೆ? ಟೇಪ್ ಇಟ್ಟೋನು ನಾನಲ್ವಲ್ಲ.’

ಎದುರಿಗಿದ್ದ ಲೋಟದ ನೀರನ್ನು ಅವನ ಮುಖಕ್ಕೆ ಎರಚಿದೆ. ಹಾಗೆ ಮಾಡಬಾರದಿತ್ತು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ‘ಪೇಪರಿನವರ ಹತ್ರ ಹೋಗ್ತೀನಿ’ ಅಂತ ಕೂಗಿ, ಲಿಫ್ಟು ಬಿಟ್ಟು ಮೆಟ್ಟಿಲಿಳಿದು ಬಂದೆ.

ಅವನು ಮನೆಗೆ ಬರಲಿಲ್ಲ. ಪೇಪರಿನ ಹೆದರಿಕೆ ಮಾತ್ರ ನಾಟಿತ್ತು ಅಂತ ಕಾಣುತ್ತದೆ. ತಿಂಗಳೊಪ್ಪತ್ತಿನಲ್ಲಿ ಟಿಫನ್ ರೂಮಿನ ಜಾಹೀರಾತು ಟಿವಿಯಲ್ಲಿ ಬಂದಾಗ ದನಿ ಅಮ್ಮನದಾಗಿರಲಿಲ್ಲ. ಧಾರಾವಾಹಿಯ ನಟಿಯೊಬ್ಬಳು ಸೆರಗು ಸಿಕ್ಕಿಸಿಕೊಂಡು, ಸೌಟು ಹಿಡಿದು, ಅವೇ ಮಾತುಗಳನ್ನು ಅನ್ನುತ್ತಿದ್ದಳು. ನಾನು ಗೆದ್ದೆ ಅನ್ನಿಸಿತು. ಕುರ್ಚಿಯಿಂದ ಎದ್ದು ನಿಂತೇಬಿಟ್ಟೆ.

‘ನೋಡಮ್ಮ, ತೆಗೆಸಿಬಿಟ್ಟೆ! ನಿನ್ನ ದನಿ ಇಲ್ಲ ಇದರಲ್ಲಿ. ಇವಳ್ಯಾವಳೋ, ಬೈಯೋಕೂ ಬರಲ್ಲ ಇವಳಿಗೆ!’

ಅಮ್ಮ ಹುರುಳಿಕಾಯಿ ಸೋಸುತ್ತಿದ್ದಳು. ತಲೆಯೆತ್ತಿ ಜಾಹೀರಾತನ್ನು ಪೂರ್ತಿ ನೋಡಿದಳು.

‘ಪರವಾಗಿಲ್ಲ,’ ಅಂದಳು. ‘ಎದುರಿಗೆ ಮೈಕ್ ಇದೆ ಅಂತ ಇವಳಿಗಾದ್ರೂ ಗೊತ್ತಿದೆ.’

ಮತ್ತೆ ಹುರುಳಿಕಾಯಿಗೆ ಕೈ ಹಾಕಿದಳು. ನಾನು ಟಿವಿ ಆರಿಸಿದೆ.

ಮರುದಿನ ನೀರು ಬರುವ ದಿನ. ನನಗೆ ಬೇಗ ಎಚ್ಚರವಾಗಿ, ಅಡುಗೆಮನೆಯ ಬಾಗಿಲ ಹತ್ತಿರ ಹೋಗಿ ನಿಂತಿದ್ದೆ. ನಾನಿರುವುದು ಅಮ್ಮನಿಗೆ ಗೊತ್ತಿರಲಿಲ್ಲ. ಅವಳು ಕೊಡ ತೆಗೆದುಕೊಂಡು ಹಿಂಬಾಗಿಲ ಚಿಲಕ ತೆಗೆದಳು. ಹೊಸ್ತಿಲು ದಾಟುವ ಮೊದಲು, ಮೊಣಕಾಲಿಗೆ ಕೈಯೂರಿ, ನಿಧಾನವಾಗಿ ಬಗ್ಗಿ ಅಕ್ಕಿ ಡ್ರಮ್ಮಿನ ಹಿಂದೆ ನೋಡಿದಳು. ಆಮೇಲೆ ಹೊರಗೆ ಹೋಗಿ ಕೊಳಾಯಿ ತಿರುಗಿಸಿದಳು.